ಹಾರ್ನಮ್ಮನ ಗಾಡಿ ಮತ್ತು ಮೂರನೇ ತಿರುವು

ಏಯ್, ಯಾರಿದ್ದೀರ್ರೋ ಆ ಕಡೆ! ಬಟ್ಟೆ ಒಣಗ ಹಾಕ್ತಿರೋರು, ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಂತಿರೋರು, ಟೀ ಆರಿಸ್ಕೊಂಡು ಕೂತಿರೋರು, ಎಲ್ಲಾ ಇತ್ತ ಕಿವಿ ಕೊಡಿ. ಸ್ವಲ್ಪ ಉದ್ದ ಇದೆ. ಸ್ಪೀಡ್ ಜಾಸ್ತಿ ಮಾಡ್ಕೊಂಡು ಕೇಳಿದ್ರೆ ನಮ್ಮತ್ತೆಗೆ ಹೇಳಿಬಿಡ್ತೀನಿ, ಆಮೇಲೆ ನೀವುಂಟು ಅವಳುಂಟು.

ನಮ್ಮತ್ತೆ ಅಂದರೆ ಅಪ್ಪನ ತಂಗಿ. ಬೀದಿಯವರಿಗೆಲ್ಲ ಅವಳು ಹಾರ್ನಮ್ಮ. ನಲವತ್ತು ದಾಟಿದ ಮೇಲೆ ಕಾರು ಕಲಿತವಳು, ಕಲಿಯುವಾಗ ಬ್ರೇಕಿಗಿಂತ ಹಾರ್ನನ್ನೇ ಹೆಚ್ಚು ನಂಬಿದ್ದಳು. ಮಲಗಿದ್ದ ನಾಯಿಗೂ ಹಾರ್ನ್, ನೆಟ್ಟ ಕಂಬಕ್ಕೂ ಹಾರ್ನ್. ಈಗ ಐವತ್ತೊಂದು ವಯಸ್ಸು, ಹಾರ್ನ್ ಮುಟ್ಟುವುದೇ ಅಪರೂಪ. ಆದರೆ ಹೆಸರು ಅಂಟಿದ್ದು ಅಂಟಿತು.

ಅವಳ ಗಾಡಿ ಹಳೆಯ ಏಳು ಸೀಟಿನದು. ವಾರಕ್ಕೆ ಮೂರು ದಿನ, ಮಂಗಳವಾರ, ಗುರುವಾರ, ಶನಿವಾರ, ಕಿಡ್ನಿ ಕೈಕೊಟ್ಟ ಇಬ್ಬರನ್ನು ಗುಡ್ಡದ ಮೇಲಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವುದು ಅವಳ ಕೆಲಸ. ಒಬ್ಬರು ರಿಟೈರಾದ ಲೆಕ್ಕದ ಮೇಷ್ಟ್ರು, ಇನ್ನೊಬ್ಬಳು ನಮ್ಮ ಹಿಂದಿನ ಬೀದಿಯ ದರ್ಜಿ ಅಕ್ಕ. ಅಲ್ಲಿ ನಾಲ್ಕು ಗಂಟೆ ಯಂತ್ರ ಅವರ ರಕ್ತ ತೊಳೆಯುತ್ತದೆ, ಮೈಯಲ್ಲಿ ನಿಂತ ನೀರನ್ನು ಎಳೆದು ತೆಗೆಯುತ್ತದೆ. ಬೆಳಗ್ಗೆ ಏಳಕ್ಕೆ ಮಂಚ. ಏಳೂವರೆ ದಾಟಿದರೆ ಆ ಮಂಚ ಬೇರೆಯವರ ಪಾಲು.

ಬೇರೆ ಗಾಡಿ ಮಾಡ್ಕೋಬಾರದಾ ಅಂತೀರಿ, ಗೊತ್ತು. ಊರಲ್ಲಿ ಬಾಡಿಗೆ ಕಾರು ಇನ್ನೆರಡಿವೆ. ಒಂದು ಬೆಳಗಿನ ಹೊತ್ತು ಶಾಲೆ ಮಕ್ಕಳದ್ದು. ಇನ್ನೊಂದು ಆ ವಾರ ಊರಲ್ಲೇ ಇರಲಿಲ್ಲ. ಆಟೋ ಆ ಏರು ಹತ್ತುವುದಿಲ್ಲ. ಬಸ್ಸಿನ ಮೆಟ್ಟಿಲನ್ನು ಮೇಷ್ಟ್ರು ಹತ್ತುವುದಿಲ್ಲ.

ಆ ಮಂಗಳವಾರ ಗಾಡಿ ಏರಿನಲ್ಲಿ ಕಾದು ಕೆಂಡವಾಯಿತು. ಡ್ಯಾಶ್‌ಬೋರ್ಡಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಗಿ ನಿಂತಿತು. ಮುಕ್ಕಾಲು ಗಂಟೆ ರಸ್ತೆ ಬದಿಯಲ್ಲಿ ಆರಿಸಿಕೊಂಡು ಹೋದರು. ಏಳೂವರೆ ದಾಟಿತು, ಆಮೇಲೆ ಖಾಲಿಯಾದ ಮಂಚದಲ್ಲಿ ನಾಲ್ಕು ಗಂಟೆಯ ಜಾಗದಲ್ಲಿ ಎರಡೇ ಗಂಟೆ ಸಿಕ್ಕಿತು. ಗುರುವಾರ ಇನ್ನೂ ಕೆಟ್ಟದಾಯಿತು. ಮೂರನೇ ತಿರುವಿನಲ್ಲೇ ಹೊಗೆಯಂತೆ ಹಬೆ ಎದ್ದು, ಅರ್ಧ ಗಂಟೆ ನಿಂತು, ಇಳಿಜಾರಿನಲ್ಲಿ ಮೆಲ್ಲಗೆ ವಾಪಸ್ ಬಂದರು.

ದರ್ಜಿ ಅಕ್ಕನಿಗೆ ಇನ್ನೂ ಸ್ವಲ್ಪ ಉಚ್ಚೆ ಆಗುತ್ತದೆ, ಒಂದು ಸಲ ತಪ್ಪಿದರೆ ತಡೆದುಕೊಳ್ಳುತ್ತಾಳೆ. ಮೇಷ್ಟ್ರಿಗೆ ಅದೂ ಇಲ್ಲ. ಕುಡಿದ ನೀರೆಲ್ಲ ಒಳಗೇ. ಗುರುವಾರ ರಾತ್ರಿ ಅವರಿಗೆ ಮಲಗಲು ಆಗಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ಕುರ್ಚಿಯಲ್ಲೇ ಮುಂದಕ್ಕೆ ಬಾಗಿ ಬೆಳಗು ಮಾಡಿದರು. ಶುಕ್ರವಾರ ಬೆಳಗ್ಗೆ ಅತ್ತೆ ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ನಾನೂ ಕೇಳಿದೆ.

"ಇವತ್ತು ಒಂದು ಮಂಚಾನೂ ಖಾಲಿ ಇಲ್ಲಮ್ಮ. ದಿನಕ್ಕೆ ಒಂದೇ ಲೋಟ ನೀರು ಕೊಡಿ, ಅದಕ್ಕಿಂತ ಹೆಚ್ಚು ಬೇಡ. ಉಸಿರು ಜಾಸ್ತಿ ಕಟ್ಟಿದ್ರೆ ಕಾಯಬೇಡಿ, ಆಂಬುಲೆನ್ಸಿಗೆ ಫೋನ್ ಮಾಡಿ. ಆದ್ರೆ ನಾಳೆ ಮಾತ್ರ ತಪ್ಪಿಸಬೇಡಿ, ಕೇಳಿಸ್ತಾ? ನಾಳೆ ತಪ್ಪಿಸಲೇಬೇಡಿ."

"ತಪ್ಪಿಸಲ್ಲ ಸಿಸ್ಟರ್," ಅಂದಳು ಅತ್ತೆ. ಫೋನ್ ಇಟ್ಟವಳು ನೇರ ಹೊರಗೆ ಬಂದಳು. ಗಾಡಿ ನಮ್ಮ ಮನೆ ಮುಂದೆ, ಅಪ್ಪನ ಶೆಡ್ಡಿನಲ್ಲಿ, ಬಾನೆಟ್ ತೆರೆದುಕೊಂಡು ಬಿದ್ದಿತ್ತು.

ನಮ್ಮಪ್ಪ ಮೂವತ್ತು ವರ್ಷದ ಮೆಕ್ಯಾನಿಕ್. ಮೂರು ವಾರದ ಹಿಂದೆ ಗಾಡಿ ಪೇಟೆಯ ಟ್ರಾಫಿಕ್ಕಿನಲ್ಲಿ ಸ್ವಲ್ಪ ಕಾಯುತ್ತಿದೆ ಎಂದು ಅತ್ತೆ ತಂದಿದ್ದಳು. ನೋಡಿದರೆ ರೇಡಿಯೇಟರಿನ ಸಂದಿಯಲ್ಲೆಲ್ಲ ಧೂಳು, ಸತ್ತ ಹುಳ. ಅಪ್ಪ ಅದನ್ನು ಬಿಚ್ಚಿ ತೊಳೆಸಿ ತಂದು ಕೂರಿಸಿದ. ಜೊತೆಗೆ ತನ್ನ ಕೈಗೆ ಬಂದ ಎಲ್ಲ ಗಾಡಿಗೂ ಮಾಡುವ ಇನ್ನೊಂದು ಕೆಲಸವನ್ನೂ ಮಾಡಿದ. ಥರ್ಮೋಸ್ಟಾಟ್ ಕಿತ್ತು ಹಾಕಿದ. ಎಂಜಿನ್ನಿನಿಂದ ರೇಡಿಯೇಟರಿಗೆ ನೀರು ಹೋಗುವ ದಾರಿಯಲ್ಲಿ ಇರುವ ಪುಟ್ಟ ಬಾಗಿಲು ಅದು. ಎಂಜಿನ್ ತಣ್ಣಗಿದ್ದರೆ ಮುಚ್ಚಿಕೊಂಡಿರುತ್ತದೆ, ಕಾದರೆ ತಾನೇ ತೆರೆದುಕೊಳ್ಳುತ್ತದೆ. ಅಪ್ಪನಿಗೆ ಆ ಬಾಗಿಲು ಕಂಡರಾಗದು. "ಎಂದೋ ಒಂದು ದಿನ ತೆರೆಯದೇ ಕೂತ್ಕೊಳುತ್ತೆ, ಎಂಜಿನ್ ಸುಟ್ಟು ಹೋಗುತ್ತೆ. ಬಾಗಿಲೇ ಇಲ್ಲದ ಮನೆಗೆ ಬೀಗದ ಚಿಂತೆ ಯಾಕೆ?" ಇದು ಅವನ ಸಿದ್ಧಾಂತ. ಊರಲ್ಲಿ ಅರ್ಧ ಗಾಡಿಗಳಿಗೆ ಆ ಬಾಗಿಲಿಲ್ಲ.

ಅದಾದ ಮೇಲೆ ಪೇಟೆಯಲ್ಲಿ ಗಾಡಿ ತಣ್ಣಗೆ ಓಡಿತು, ಏರಿನಲ್ಲಿ ಮಾತ್ರ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿ ಬರುತ್ತಿತ್ತು, ಆ ಮಂಗಳವಾರ ಕುದಿದೇಬಿಟ್ಟಿತು. ಅಪ್ಪ ರೇಡಿಯೇಟರ್ ಮುಚ್ಚಳ ಬದಲಿಸಿದ. ಕುದಿಯಿತು. ಫ್ಯಾನ್ ತಾನಾಗಿ ತಿರುಗುತ್ತಿಲ್ಲ ಎಂದು ಅದಕ್ಕೆ ನೇರ ವೈರ್ ಎಳೆದ. ಆಗಲೂ ಕುದಿಯಿತು. ನೀರಿನ ಪಂಪ್ ಬಿಚ್ಚಿ ನೋಡಿದ, ಅದು ಹೊಸದರಂತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಆ ವಾರ ಅತ್ತೆಯ ಗಾಡಿಯಲ್ಲಿ ಬರೆ ಬೀಳದ ಎಮ್ಮೆಯೇ ಉಳಿದಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅಪ್ಪ ಕೈ ಒರೆಸಿಕೊಂಡು ತೀರ್ಪು ಕೊಟ್ಟ. "ಹೆಡ್ ಗ್ಯಾಸ್ಕೆಟ್ ಹೋಗಿದೆ. ಇನ್ನೇನೂ ಉಳಿದಿಲ್ಲ. ಹೆಡ್ ಇಳಿಸಬೇಕು, ಎಂಜಿನ್ನಿನ ಮೇಲ್ಭಾಗಾನೇ ಬಿಚ್ಚಬೇಕು."

"ಎಷ್ಟು ದಿನ ಅಣ್ಣ?"

"ನಾಲ್ಕು."

"ನಾಳೆ ಬೆಳಗ್ಗೆ ಮೇಷ್ಟ್ರು?"

ಅಪ್ಪ ಸ್ಪ್ಯಾನರ್ ಡಬ್ಬದೊಳಗೆ ಏನನ್ನೋ ಹುಡುಕತೊಡಗಿದ.

"ಅಣ್ಣ, ಒಂದೇ ಒಂದು ಸಲ ಮೇಲಕ್ಕೆ ತಗೊಂಡು ಹೋಗ್ತೀನಿ. ಎರಡು ಗಂಟೆ ಕೊಡು."

"ಹೋಗು. ಇನ್ನೊಂದು ಸಲ ಕುದಿಸಿದ್ರೆ ಹೆಡ್ಡೇ ಸೊಟ್ಟ ಆಗುತ್ತೆ. ಆಮೇಲೆ ನಾಲ್ಕು ದಿನ ಅಲ್ಲ, ಗುಜರಿಯವನೇ ಗತಿ. ನಿನ್ನ ಗಾಡಿ, ನಿನ್ನ ಹಣೆಬರಹ."

ಅತ್ತೆ ನನ್ನ ಕಡೆ ನೋಡಿದಳು. "ನಿನ್ನ ತೂಕ ಎಷ್ಟೋ?"

"ಯಾಕತ್ತೆ?"

"ಸಾಕಾಗಲ್ಲ. ನೀರಿನ ಕ್ಯಾನ್ ನಾಲ್ಕು ಹಾಕು."

ಹೀಗೆ ನಾನು ಮತ್ತು ನಾಲ್ಕು ಕ್ಯಾನುಗಳು ರೋಗಿಗಳಾಗಿ ಹಿಂದೆ ಕೂತೆವು. ಮೊದಲ ತಿರುವಿನವರೆಗೆ ಮುಳ್ಳು ಕೆಳಗೇ ಇತ್ತು. ಎರಡನೆಯದಕ್ಕೆ ನಡುವಿಗೆ ಬಂತು. ಮೂರನೆಯದಕ್ಕೆ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಯಿತು. ಅವಳು ಗಾಡಿ ಬದಿಗೆ ನಿಲ್ಲಿಸಿದಳು, ಎಂಜಿನ್ ಮಾತ್ರ ಆರಿಸಲಿಲ್ಲ.

"ಆರಿಸತ್ತೆ! ಅಪ್ಪ ಏನಂದ?"

"ಬಾಯ್ಮುಚ್ಚು. ಮುಂದೆ ಬಂದು ಕೂತು ಮುಳ್ಳು ನೋಡು. ಗೆರೆ ಮುಟ್ಟಿದ ತಕ್ಷಣ ಕೂಗು."

ಬಾನೆಟ್ ಎತ್ತಿ, ಮುಚ್ಚಳದ ತಂಟೆಗೆ ಹೋಗದೆ, ಫ್ಯಾನಿನಿಂದ ಸೆರಗು ದೂರ ಕಟ್ಟಿಕೊಂಡು, ಅವಳು ಒಂದೊಂದೇ ಪೈಪನ್ನು ಬೆರಳ ತುದಿಯಿಂದ ಮುಟ್ಟುತ್ತಾ ಹೋದಳು. ರೇಡಿಯೇಟರಿನ ಮೇಲಿನ ಪೈಪ್ ಸುಡುತ್ತಿತ್ತು. ಕೆಳಗಿನ ಪೈಪಿನ ಮೇಲೆ ಅಂಗೈಯನ್ನೇ ಇಟ್ಟಳು. ತೆಗೆಯಲಿಲ್ಲ.

"ಏನಾಯ್ತತ್ತೆ?"

"ಇದು ಸ್ನಾನದ ನೀರಿನಷ್ಟೂ ಬಿಸಿ ಇಲ್ಲ ಕಣೋ. ಎಂಜಿನ್ ಕುದೀತಿದೆ, ಇದು ಬೆಚ್ಚಗಿದೆ!"

ಆಮೇಲೆ ಎಂಜಿನ್ನಿನ ಪಕ್ಕದಲ್ಲೇ ಒಂದು ಗೇಣುದ್ದದ, ಹೆಬ್ಬೆರಳು ದಪ್ಪದ ಪೈಪಿಗೆ ಬೆರಳು ತಾಗಿಸಿದಳು. "ಅಯ್ಯಮ್ಮಾ!" ಎಂದು ಕೈ ಜಾಡಿಸಿ ಬೆರಳು ಬಾಯಿಗಿಟ್ಟುಕೊಂಡಳು. ಕಣ್ಣಲ್ಲಿ ನೀರು. ಆದರೂ ಆ ಪೈಪನ್ನೇ ನೋಡುತ್ತಿದ್ದಳು.

ಗಾಡಿ ಹಿಡಿಯುವ ಮೊದಲು ನಮ್ಮತ್ತೆ ಹನ್ನೆರಡು ವರ್ಷ ಒಂದು ಹಾಸ್ಟೆಲ್ಲಿನಲ್ಲಿ ಬಿಸಿನೀರಿನ ಬಾಯ್ಲರ್ ನೋಡಿಕೊಂಡಿದ್ದಳು. ಮೂರನೇ ಮಹಡಿಯ ಹುಡುಗಿಯರು "ಆಂಟೀ, ತಣ್ಣೀರು ಬರ್ತಿದೆ" ಎಂದು ಕಿರುಚಿದಾಗಲೆಲ್ಲ ಕೆಳಗಿನಿಂದ ಮೇಲಿನವರೆಗೆ ಪೈಪ್ ಮುಟ್ಟುತ್ತಾ ಹತ್ತುವುದು ಅವಳ ಕೆಲಸ. ನೀರು ಎಲ್ಲಿಗೆ ಹೋಗುತ್ತಿದೆ, ಎಲ್ಲಿಗೆ ಹೋಗುತ್ತಿಲ್ಲ ಎಂಬುದು ಅವಳ ಕೈಗೆ ತಿಳಿಯುತ್ತಿತ್ತು. ಹೆಚ್ಚಿನ ಸಲ ಒಂದೇ ಕಾರಣ. ಕೆಳಗೆ ಬಾಯ್ಲರಿನ ಪಕ್ಕದ ಅಡ್ಡ ಪೈಪಿನ ವಾಲ್ವನ್ನು ಯಾರೋ ತೆರೆದಿಟ್ಟಿರುತ್ತಿದ್ದರು.

"ನೀರಿನಂಥಾ ಸೋಮಾರಿ ಇನ್ನೊಂದಿಲ್ಲ ಕಣೋ," ಅಂದಳು ಅತ್ತೆ. "ಹತ್ತಿರದ ದಾರಿ ಸಿಕ್ಕಿದ್ರೆ ದೂರದ ದಾರಿ ತುಳಿಯಲ್ಲ. ಈ ಬಿಸಿನೀರು ರೇಡಿಯೇಟರಿಗೆ ಸರಿಯಾಗಿ ಹೋಗ್ತಾನೇ ಇಲ್ಲ. ಈ ಗಿಡ್ಡ ಪೈಪಲ್ಲಿ ನುಗ್ಗಿ ವಾಪಸ್ ಎಂಜಿನ್ನಿಗೇ ಬರ್ತಿದೆ. ಆ ಬಟ್ಟೆ ಕೊಡು. ಪ್ಲೈಯರ್ ಕೊಡು."

ಗಿಡ್ಡ ಪೈಪಿಗೆ ಬಟ್ಟೆ ಸುತ್ತಿ ಪ್ಲೈಯರಿನಿಂದ ಬಲವಾಗಿ ಹಿಸುಕಿದಳು. "ಈಗ ಆಕ್ಸಿಲರೇಟರ್ ಒತ್ತು. ಜಾಸ್ತಿ ಬೇಡ. ಮುಳ್ಳು ಎಲ್ಲಿದೆ?"

"ಗೆರೆಗೆ ಒಂದು ಅಕ್ಕಿಕಾಳಿನಷ್ಟು ದೂರ!"

"ಈಗ?"

"ಅಲ್ಲೇ ಇದೆ! ಅತ್ತೆ, ಸಾಕು, ಆರಿಸೋಣ!"

"ಒತ್ತು ಅಂದ್ನಲ್ಲ! ಈಗ?"

ಹಿಂದಿನಿಂದ ಒಂದು ಲಾರಿ ಬಂದು, ಹಾರ್ನ್ ಹೊಡೆದು, ಬೈದು, ಸುತ್ತಿ ಹೋಯಿತು. ಅತ್ತೆ ಎರಡೂ ಕೈಯಿಂದ ಪ್ಲೈಯರ್ ಹಿಸುಕುತ್ತಿದ್ದುದು ನನಗೆ ಬಾನೆಟ್ಟಿನ ಸಂದಿಯಲ್ಲಿ ಕಾಣುತ್ತಿತ್ತು. ಅಷ್ಟರಲ್ಲಿ ಮುಳ್ಳು ಒಂಚೂರು ಅಲುಗಿತು. ಮೊದಲು ಕಣ್ಣಿನ ಭ್ರಮೆ ಅಂದುಕೊಂಡೆ.

"ಇಳೀತಿದೆ! ಅತ್ತೆ, ಇಳೀತಿದೆ!"

ಅವಳು ಎಡಗೈ ಚಾಚಿ ರೇಡಿಯೇಟರಿನ ಕೆಳಗಿನ ಪೈಪ್ ಮುಟ್ಟಿದಳು. ತಕ್ಷಣ ಹಿಂದಕ್ಕೆಳೆದುಕೊಂಡಳು. ಅದೂ ಈಗ ಸುಡುತ್ತಿತ್ತು. ಐದೇ ನಿಮಿಷದಲ್ಲಿ ಮುಳ್ಳು ನಡುವಿಗೆ ಬಂತು.

ವಾಪಸ್ ಬರುವಾಗ ನಾನೊಬ್ಬನೇ ಕುಣಿಯುತ್ತಿದ್ದೆ. ಅತ್ತೆಯ ಮುಖ ಇನ್ನೂ ಬಿಗಿದೇ ಇತ್ತು.

"ಕುಣೀಬೇಡ. ಪ್ಲೈಯರ್ ಹಿಡ್ಕೊಂಡು ಬಾನೆಟ್ ಮೇಲೆ ಕೂತು ಆಸ್ಪತ್ರೆಗೆ ಬರ್ತೀಯಾ ನಾಳೆ? ಈ ಗಿಡ್ಡ ಪೈಪನ್ನ ಒಳಗಿನಿಂದ ಯಾವುದೋ ಒಂದು ಮುಚ್ಚಬೇಕಿತ್ತು. ಅದಿಲ್ಲ. ಯಾವುದಿಲ್ಲ ಹೇಳು ನಮ್ಮ ಗಾಡೀಲಿ?"

ನನಗೆ ಹೊಳೆಯಿತು, ಅಪ್ಪ ಕಿತ್ತು ಹಾಕಿದ ಆ ಬಾಗಿಲು. ಹೊಳೆದ ಕೂಡಲೇ ನನ್ನ ಕುಣಿತ ನಿಂತಿತು. ಇದನ್ನು ಅಪ್ಪನಿಗೆ ಹೇಳಬೇಕಲ್ಲ.

ಅಪ್ಪ ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು. ಅತ್ತೆ ಹೇಳಿದ್ದನ್ನೆಲ್ಲ ಕೇಳಿದ. ಆಮೇಲೆ ಶುರು ಮಾಡಿದ.

"ಮೂವತ್ತು ವರ್ಷದಿಂದ ಕೀಳ್ತಿದ್ದೀನಿ. ಯಾವ ಗಾಡಿ ಕುದೀತು? ಒಂದು ತೋರಿಸು."

"ಇದು."

"ಹಾಸ್ಟೆಲ್ ಬಾಯ್ಲರಿಗೆ ಕಟ್ಟಿಗೆ ಹಾಕಿದವಳು ನನಗೆ ಎಂಜಿನ್ ಕಲಿಸ್ತೀಯಾ?"

"ಕಟ್ಟಿಗೆ ಅಲ್ಲಣ್ಣ, ಗ್ಯಾಸು," ಅಂದಳು ಅತ್ತೆ ಮೆಲ್ಲಗೆ. "ಹಳೇ ಗಾಡೀಲಿ ನೀನು ಹೇಳೋದೇ ಸರಿ ಇರಬಹುದು. ಇದರಲ್ಲಿ ಆ ಬಾಗಿಲಿಗೆ ಎರಡು ಕೆಲಸ ಇದ್ದಂಗಿದೆ. ರೇಡಿಯೇಟರ್ ದಾರಿ ತೆಗೆಯೋದು, ತೆಗೆಯೋವಾಗಲೇ ಈ ಗಿಡ್ಡ ದಾರಿ ಮುಚ್ಚೋದು. ಜಗಳ ಆಮೇಲೆ ಆಡೋಣ. ಅಂಗಡಿ ಮುಚ್ಚೋ ಮೊದಲು ಒಂದು ಹೊಸದು ತರಲಾ?"

ಅಪ್ಪನ ಉತ್ತರಕ್ಕೆ ಅವಳು ಕಾಯಲಿಲ್ಲ. ನಾವು ಬಿಡಿಭಾಗದ ಅಂಗಡಿಗೆ ಓಡಿದೆವು. ಅಂಗಡಿಯವನು ಕೇಳಿದ್ದೇ ತಡ ಹೊಟ್ಟೆ ಹಿಡಿದುಕೊಂಡು ನಕ್ಕ.

"ಥರ್ಮೋಸ್ಟಾಟಾ? ನಿಮ್ಮಣ್ಣ ಇರೋ ಊರಲ್ಲಿ ಅದನ್ನ ಇಟ್ಕೊಂಡು ನಾನೇನು ಹಾರ ಮಾಡಿ ಹಾಕ್ಕೊಳ್ಳಲಾ? ತರಿಸಿಕೊಡ್ತೀನಿ. ಸೋಮವಾರ."

ಆರೂಕಾಲು ಗಂಟೆ. ಬರುವ ದಾರಿಯಲ್ಲಿ ಮೇಷ್ಟ್ರ ಮನೆ. ಕಿಟಕಿಯಲ್ಲಿ ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದು ಕಂಡಿತು, ಭುಜ ಏರುತ್ತ ಇಳಿಯುತ್ತ ಇತ್ತು. ನಮ್ಮನ್ನು ನೋಡಿ ಕೈಯೆತ್ತಿದರು. "ನಾಳೆ ಐದೂಮುಕ್ಕಾಲಿಗೆ ತಾನೇ, ಅಮ್ಮಾ?" ಅಷ್ಟು ಹೇಳಲು ಎರಡು ಸಲ ಉಸಿರು ತೆಗೆದುಕೊಂಡರು.

"ಐದೂಮುಕ್ಕಾಲಿಗೇ ಮೇಷ್ಟ್ರೇ," ಅಂದಳು ಅತ್ತೆ. ತಿರುವು ದಾಟಿದ ಮೇಲೆ ಅವಳು ಓಡುವ ಹಾಗೆ ನಡೆದಳು.

ಶೆಡ್ಡಿಗೆ ಬಂದವಳೇ ಕೇಳಿದಳು. "ಅಣ್ಣ, ನನ್ನ ಗಾಡಿಯಿಂದ ಕಿತ್ತಿದ್ದನ್ನ ಎಲ್ಲಿ ಎಸೆದೆ?"

ಅಪ್ಪ ಏನನ್ನೂ ಎಸೆಯುವವನಲ್ಲ. ಬೆಂಚಿನ ಕೆಳಗಿನಿಂದ ಹಳೆಯ ಪೇಂಟ್ ಬಕೆಟ್ ಎಳೆದ. ಅದರ ತುಂಬ ಥರ್ಮೋಸ್ಟಾಟುಗಳು, ಎಪ್ಪತ್ತೋ ಎಂಬತ್ತೋ. ಅತ್ತೆ ಹಣೆ ಚಚ್ಚಿಕೊಂಡಳು. ಆದರೆ ಅಪ್ಪ ಎರಡು ಸಲ ಕೈಯಾಡಿಸಿ ಒಂದನ್ನು ತೆಗೆದು ಅವಳ ಅಂಗೈಗೆ ಹಾಕಿದ. "ನಿನ್ನದು ಇದೇ. ಅದರದು ದಾಲ್ಚಿನ್ನಿ ಬಣ್ಣದ ಸ್ಪ್ರಿಂಗು."

ಅದರ ತಳದಲ್ಲಿ, ಬೇರೆಯವುಗಳಲ್ಲಿ ಹೆಚ್ಚಿನವಕ್ಕೆ ಇರದ, ಇನ್ನೊಂದು ಚಿಕ್ಕ ಬಿಲ್ಲೆ ಇತ್ತು, ಗಿಡ್ಡ ಪೈಪಿನ ಬಾಯಿ ಮುಚ್ಚುವಷ್ಟೇ ಅಗಲ. ಅಪ್ಪ ಅದನ್ನು ನೋಡಿದ. ಅತ್ತೆ ಅಪ್ಪನನ್ನು ನೋಡಿದಳು.

ಇನ್ನು ಅದು ಕೆಲಸ ಮಾಡುತ್ತದೋ ಇಲ್ಲವೋ. ಅಡುಗೆಮನೆಯ ಸ್ಟವ್ ಮೇಲೆ ನೀರಿಟ್ಟು ಅದರೊಳಗೆ ಬಿಟ್ಟೆವು.

"ಅದು ನನ್ನ ಹಾಲಿನ ಪಾತ್ರೆ!" ಅಂದಳು ಅಮ್ಮ.

"ಹೊಸದು ಕೊಡಿಸ್ತೀನಿ ಅತ್ತಿಗೆ, ಈಗ ದೂರ ನಿಲ್ಲಿ."

ನಾಲ್ಕು ತಲೆ ಒಂದು ಪಾತ್ರೆಯ ಮೇಲೆ ಬಾಗಿದವು. ನೀರು ಬೆಚ್ಚಗಾಯಿತು, ಬಿಸಿಯಾಯಿತು. ತಳದಲ್ಲಿ ಗುಳ್ಳೆ ಎದ್ದವು. ಬಾಗಿಲು ಮಾತ್ರ ಮುಚ್ಚಿಕೊಂಡೇ ಕೂತಿತ್ತು. "ಬಾರಮ್ಮಾ, ತೆಗಿಯೇ," ಎಂದು ಅತ್ತೆ ಬಾಯೊಳಗೇ ಅನ್ನುತ್ತಿದ್ದಳು. ಸ್ಟವ್ ಆರಿಸುವ ಹೊತ್ತಿಗೆ ಸರಿಯಾಗಿ ಮೇಲಿನ ಬಿಲ್ಲೆ ಕೂದಲೆಳೆಯಷ್ಟು ಕೆಳಗೆ ಸರಿದು ಬಾಯಿ ಬಿಟ್ಟಿತು, ಆಮೇಲೆ ಬೆರಳಗಲ. ತಳದ ಬಿಲ್ಲೆಯೂ ಅದರ ಜೊತೆಗೇ ಅಷ್ಟೇ ಕೆಳಕ್ಕೆ ಇಳಿದು ನಿಂತಿತು.

"ಅಂದ್ರೆ ಚೆನ್ನಾಗೇ ಇತ್ತು," ಅಂದಳು ಅಮ್ಮ. "ಚೆನ್ನಾಗಿರೋದನ್ನ ಯಾಕ್ರೀ ಕಿತ್ರಿ?"

ಅಪ್ಪನದು ಹರಳೆಣ್ಣೆ ಕುಡಿದ ಮುಖ. ಚಿಮ್ಮಟದಿಂದ ಥರ್ಮೋಸ್ಟಾಟ್ ಎತ್ತಿಕೊಂಡು ಹೊರಗೆ ಹೋದ. ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಕಾಗದವನ್ನು ಕತ್ತರಿಯಿಂದ ತಾನೇ ಕತ್ತರಿಸಿದ, ಅಂಟು ಹಚ್ಚಿದ, ಕೂರಿಸಿದ. ಎಲ್ಲ ಮುಗಿಸಿ, ಯಾರ ಮುಖವನ್ನೂ ನೋಡದೆ ಹೇಳಿದ. "ಅಂಟು ಒಣಗಬೇಕು. ಬೆಳಗ್ಗೆ ಐದೂವರೆಗೆ ನೀರು ತುಂಬ್ತೀನಿ. ಅಲ್ಲೀವರೆಗೆ ಯಾರೂ ಸ್ಟಾರ್ಟ್ ಮಾಡಬೇಡಿ."

ಅಂದರೆ ಏರಿನಲ್ಲಿ ಪರೀಕ್ಷೆ ಮಾಡಿ ನೋಡುವಂತಿಲ್ಲ. ಮೇಷ್ಟ್ರನ್ನು ಕೂರಿಸಿಕೊಂಡೇ ಪರೀಕ್ಷೆ.

ಶನಿವಾರ ಐದೂಮುಕ್ಕಾಲಿಗೆ ನಾನು ಮೇಷ್ಟ್ರ ಪಕ್ಕ ಕೂತೆ. ಅವರ ಕೈ ನನ್ನ ತೋಳಿನ ಮೇಲಿತ್ತು, ಬೆರಳುಗಳು ಊದಿದ್ದವು. ದರ್ಜಿ ಅಕ್ಕ ಮುಂದೆ ಕೂತಳು. ಊರು ದಾಟುವಷ್ಟರಲ್ಲೇ ಮುಳ್ಳು ಎದ್ದು ನಡುವಿಗೆ ಬಂದು ನಿಂತಿತು. ಮೂರು ವಾರದಿಂದ ಸಮತಟ್ಟಿನಲ್ಲಿ ಅದು ಇಷ್ಟು ಮೇಲೆ ಬಂದದ್ದೇ ಇಲ್ಲ.

"ಹಾರ್ನಮ್ಮ, ಇದು ಈಗಲೇ ಹೀಗೆ?" ಅಂದಳು ದರ್ಜಿ ಅಕ್ಕ.

"ಬಾಗಿಲು ಇರೋ ಗಾಡಿ ಅಕ್ಕ. ಅದಕ್ಕೆ ಇಷ್ಟು ಬಿಸಿ ಬೇಕು ಅನ್ಸುತ್ತೆ." ಅನ್ಸುತ್ತೆ ಅಂದಳು, ಗೊತ್ತು ಅನ್ನಲಿಲ್ಲ.

ಮೊದಲ ತಿರುವು. ಮುಳ್ಳು ಅಲ್ಲೇ. ಕನ್ನಡಿಯಲ್ಲಿ ಒಂದು ಸ್ಕೂಟರ್ ಕಂಡಿತು. ನಮ್ಮಪ್ಪ. ಕಾಲ ಬಳಿ ಒಂದು ಕ್ಯಾನ್ ನೀರು, ಹಿಂದಿನ ಸೀಟಿಗೆ ಕಟ್ಟಿದ ಇನ್ನೊಂದು, ತಲೆಗೆ ಮಫ್ಲರ್. ಬರ್ತೀನಿ ಎಂದು ಯಾರಿಗೂ ಹೇಳಿರಲಿಲ್ಲ.

ಎರಡನೇ ತಿರುವಿನಲ್ಲೂ ಮುಳ್ಳು ಅಲ್ಲೇ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳಿದರು. "ಎಲ್ಲಿಗೆ ಬಂದ್ವಿ?"

"ಮೂರನೇದು, ಮೇಷ್ಟ್ರೇ."

ಮುಳ್ಳು ಎಳೆಯಷ್ಟು ಮೇಲೆ ಹೋಯಿತು. ಅತ್ತೆ ಗೇರ್ ಇಳಿಸಿದಳು, ಕಾಲು ತೆಗೆಯಲಿಲ್ಲ. ತಿರುವು ಮುಗಿಯಿತು. ಮುಳ್ಳು ಆ ಎಳೆಯಷ್ಟನ್ನು ವಾಪಸ್ ಇಳಿದು ತನ್ನ ಜಾಗಕ್ಕೆ ಬಂದು ಕೂತಿತು. ನಾಲ್ಕು, ಐದು, ಆರು, ಏಳು. ಆಮೇಲೆ ಅದು ಅಲುಗಲೇ ಇಲ್ಲ.

ಆರು ಐವತ್ತಕ್ಕೆ ಆಸ್ಪತ್ರೆಯ ಬಾಗಿಲಲ್ಲಿದ್ದೆವು. ಮೇಷ್ಟ್ರನ್ನು ತಕ್ಕಡಿಯ ಮೇಲೆ ನಿಲ್ಲಿಸಿದ ನರ್ಸ್ ಅತ್ತೆಯ ಕಡೆ ತಿರುಗಿ, "ಆರು ಕಿಲೋ ನೀರು. ಇನ್ನೊಂದು ದಿನ ಆಗಿದ್ರೆ..." ಎಂದು ನಿಲ್ಲಿಸಿ, ಸೂಜಿ ಸಿದ್ಧ ಮಾಡಲು ಹೋದಳು. ಕೆಳಗೆ ಗೇಟಿನ ಬಳಿ ಅಪ್ಪ ಎರಡೂ ಕ್ಯಾನಿನ ನೀರನ್ನು ಹೂಕುಂಡಗಳಿಗೆ ಸುರಿದು, ಸ್ಕೂಟರ್ ತಿರುಗಿಸಿಕೊಂಡು ಹೋಗಿದ್ದ.

ಮೇಷ್ಟ್ರು ಆವತ್ತು ವಾಪಸ್ ಬರುವಾಗ ಸೀಟಿಗೆ ಒರಗಿ ಗೊರಕೆ ಹೊಡೆದರು. ಅವರನ್ನು ಮನೆಯೊಳಗೆ ಬಿಟ್ಟು, ದರ್ಜಿ ಅಕ್ಕನನ್ನು ಬಿಟ್ಟು, ಅತ್ತೆ ಮನೆಗೆ ಬಂದು ಕೂತಲ್ಲೇ ನಿದ್ದೆ ಹೋದಳು. ಸಂಜೆ ಕತ್ತಲಾಗುವ ಹೊತ್ತಿಗೆ ಅಪ್ಪ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಹತ್ತು ನಂಬರಿನ ಸ್ಪ್ಯಾನರ್.

"ಒಂದು ಸಲ ಚೆನ್ನಾಗಿ ಕಾದ ಮೇಲೆ ಥರ್ಮೋಸ್ಟಾಟ್ ಮುಚ್ಚಳದ ಬೋಲ್ಟು ಸ್ವಲ್ಪ ಸಡಿಲ ಆಗುತ್ತೆ. ಮಂಗಳವಾರ ದಾರೀಲಿ ಸೋರಬಾರದು."

ಅತ್ತೆ ಕಣ್ಣುಜ್ಜಿಕೊಂಡು ಬೀಗದಕೈ ತೆಗೆದುಕೊಂಡು ಹೊರಗೆ ಬಂದಳು. ಬಾನೆಟ್ ಎತ್ತಿದರು.

"ಆ ಬಕೆಟ್ಟಲ್ಲಿ," ಎಂದು ಅಪ್ಪ ಬಗ್ಗಿಕೊಂಡೇ ಶುರು ಮಾಡಿದ, "ತಳದ ಬಿಲ್ಲೆ ಇರೋವು ಇನ್ನೂ ಹನ್ನೊಂದಿವೆ. ನಾಳೆಯಿಂದ ಆ ಗಾಡಿಯವರನ್ನ ಒಬ್ಬೊಬ್ಬರನ್ನಾಗಿ ಕರೀಬೇಕು. ಏನಂತ ಹೇಳಲಿ ಅವರಿಗೆ?"

"ನಮ್ಮ ತಂಗಿ ಹೇಳಿದ್ಲು ಅನ್ನು."

"ನಿನ್ನ ಬಾಯಿಗೆ ನೀನೇ ಮೊದಲು ಒಂದು ಬಾಗಿಲು ಹಾಕ್ಕೋ. ಹಿಡಿ ಈ ಟಾರ್ಚ್."

ಅವನು ಎರಡು ಬೋಲ್ಟನ್ನೂ ಕಾಲು ಸುತ್ತು ಬಿಗಿಗೊಳಿಸುವವರೆಗೆ ಅತ್ತೆ ಟಾರ್ಚ್ ಹಿಡಿದು ನಿಂತಳು. ಆಮೇಲೆ ಬಾನೆಟ್ ಇಳಿಸಿದಳು, ಗಾಡಿಗೆ ಬೀಗ ಹಾಕಿದಳು, ಸುಟ್ಟ ಬೆರಳಿಗೆ ಒಂದಿಷ್ಟು ಎಣ್ಣೆ ಹಚ್ಚಿಕೊಂಡು ಹೋಗಿ ಮಲಗಿದಳು.